ಪುರಾವೆ ಕಡ್ಡಾಯ, ನೆರವು ಐಚ್ಛಿಕ

ನಮ್ಮ ಕವಲಂದೆಯ ಹೊಲಗಳಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೆ ತಾಲ್ಲೂಕು ಕೇಂದ್ರ ನಂಜನಗೂಡಿನಲ್ಲಿ 1989ರಿಂದ ನೆಸ್ಲೆಯ ಕಾಫಿ ಕಾರ್ಖಾನೆ ನಡೆಯುತ್ತಿದೆ. ನೆರೆಯ ಕೊಡಗು, ಅದರಾಚೆಯ ಹಾಸನ, ಚಿಕ್ಕಮಗಳೂರು ಸೇರಿ ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುತ್ತವೆ. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿಯೇ ದೊಡ್ಡ ಗಿರಾಕಿ. ಹಾಗಾಗಿ ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮವನ್ನು ನಮ್ಮ ಸೀಮೆಯಲ್ಲಿ ಕೂತು ಓದಿ ತೂಗಿ ನೋಡಲೇಬೇಕು.

2023ರ ಈ ನಿಯಮದ ಆಶಯ ಒಳ್ಳೆಯದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಅಲ್ಲಿ ಮೇಯಿಸಿದ ದನದ ಮಾಂಸ, ಮರಮುಟ್ಟು ಒಕ್ಕೂಟದ ಮಾರುಕಟ್ಟೆಗೆ ಬರಕೂಡದು. ತಿನ್ನುವವನ ದುಡ್ಡಿನಿಂದ ದೂರದ ಕಾಡು ನಾಶವಾಗುತ್ತದೆಂದು ಒಪ್ಪಿಕೊಂಡು, ಅದರ ಹೊಣೆಯನ್ನು ಆಮದುದಾರನ ಮೇಲೆ ಹೊರಿಸಿದ್ದು ನ್ಯಾಯವೇ. ನನ್ನ ತಕರಾರು ಆಶಯದ ಬಗ್ಗೆ ಅಲ್ಲ, ಹೊರೆ ಹಂಚಿದ ರೀತಿಯ ಬಗ್ಗೆ.

ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್‌ವರೆಗೆ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಾದರೆ ಇಡೀ ಗಡಿಯನ್ನೇ ಗುರುತಿಸಬೇಕು. ಅದನ್ನು ಉಪಗ್ರಹ ನಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ತೊಡಕು ಶುರುವಾಗುವುದು ಇಲ್ಲಿ. ನಮ್ಮ ಕಾಫಿ ಅತ್ತಿ, ಹಲಸು, ಹಾಲುವಾಣ, ಸಿಲ್ವರ್ ಓಕ್‌ಗಳ ನೆರಳಲ್ಲಿ ಬೆಳೆಯುತ್ತದೆ. ಮೇಲಿನಿಂದ ನೋಡಿದರೆ ತೋಟವೂ ಕಾಡಿನಂತೆಯೇ ಕಾಣುತ್ತದೆ. ನಿಯಮದ ವ್ಯಾಖ್ಯೆ ಕೃಷಿಭೂಮಿಯನ್ನು ಅರಣ್ಯವೆಂದು ಎಣಿಸುವುದಿಲ್ಲ, ನಿಜ. ಆದರೆ ನಕ್ಷೆ ಆ ವ್ಯತ್ಯಾಸವನ್ನು ಯಾವಾಗಲೂ ಹಿಡಿಯಲಾರದು. ಮರಗಸಿ ಮಾಡಿದ್ದು, ಅಂದರೆ ನೆರಳಿನ ಮರದ ಕೊಂಬೆ ಸವರಿದ್ದು, ಬಲಿತ ಸಿಲ್ವರ್ ಓಕ್ ಮಾರಿದ್ದು ಅರಣ್ಯನಾಶವೆಂದು ತೋರುವ ಅಪಾಯವಿದೆ. ಮರ ಉಳಿಸಿಕೊಂಡು ಬೇಸಾಯ ಮಾಡಿದವನೇ ಅನುಮಾನಕ್ಕೆ ಗುರಿಯಾದರೆ, ಆ ನಿಯಮ ತನ್ನ ಉದ್ದೇಶಕ್ಕೆ ತಾನೇ ಅಡ್ಡ ನಿಂತಂತೆ.

ಎರಡನೆಯ ತೊಡಕು ವ್ಯಾಪಾರದ್ದು. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಕಣದಲ್ಲಿ ಒಣಗಿಸಿದ ಚೆರಿಯನ್ನು ಊರ ವ್ಯಾಪಾರಿಗೆ ತೂಗಿ ಕೊಡುತ್ತಾರೆ. ಹತ್ತಾರು ತೋಟದ ಮಾಲು ಒಂದೇ ರಾಶಿಯಾಗಿ ಸಿಪ್ಪೆ ಸುಲಿಯುವ ಕ್ಯೂರಿಂಗ್ ಘಟಕಕ್ಕೆ ಹೋಗುತ್ತದೆ. ಮೂಲ ತಿಳಿಯದ ಕಾಫಿಯನ್ನು ತಿಳಿದದ್ದರ ಜೊತೆ ಬೆರೆಸಲು ನಿಯಮ ಬಿಡುವುದಿಲ್ಲ. ಜೊತೆಗೆ, ಬೆಳೆದ ದೇಶದ ಭೂ ಕಾನೂನಿಗೂ ಬೆಳೆ ಒಪ್ಪಬೇಕು. ಕೊಡಗಿನ ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯ ಹಿಡುವಳಿಯ ಕೂಡುಕುಟುಂಬದ ಪಹಣಿ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮಕ್ಕೆ ಹಾಕಿದ ಮಲೆನಾಡಿನ ಬಗರ್‌ಹುಕುಂ ಅರ್ಜಿ ದಶಕಗಳ ಕಗ್ಗಂಟು. ಅಜ್ಜನ ಕಾಲದಿಂದ ತೋಟ ಮಾಡಿಕೊಂಡು ಬಂದವನಿಗೂ ತನ್ನ ಹೆಸರಿನ ದಾಖಲೆ ತೋರಿಸುವುದು ಸುಲಭವಲ್ಲ.

ನಿಯಮದ ದೊಡ್ಡ ದೋಷ ಅದರ ಕಲಮುಗಳಲ್ಲೇ ಇದೆ. ಮಾಹಿತಿ ಸಂಗ್ರಹ ಕಡ್ಡಾಯ. ತಪ್ಪಿದ ಕಂಪನಿಗೆ ವಿಧಿಸುವ ದಂಡದ ಗರಿಷ್ಠ ಮಿತಿ ಒಕ್ಕೂಟದಲ್ಲಿನ ಅದರ ವಾರ್ಷಿಕ ವಹಿವಾಟಿನ ಕನಿಷ್ಠ ಶೇ. 4ರಷ್ಟಿರಬೇಕು. ಆದರೆ ಸಣ್ಣ ಬೆಳೆಗಾರನಿಗೆ ತರಬೇತಿ, ಬಂಡವಾಳ ಕೊಡುವುದು ಆಮದುದಾರನ ಇಷ್ಟಕ್ಕೆ ಬಿಟ್ಟದ್ದು. ಇಷ್ಟು ದೊಡ್ಡ ದಂಡಕ್ಕೆ ಅಂಜಿದ ಕಂಪನಿ ಎರಡೆಕರೆಯ ನೂರು ಮಂದಿಯನ್ನು ಹುಡುಕುತ್ತದೆಯೇ, ಒಂದು ದೊಡ್ಡ ಎಸ್ಟೇಟನ್ನೇ? 2025ರಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶವೆಂದು ಗುರುತಿಸಿದ್ದರಿಂದ ಆಮದುದಾರನ ತಪಾಸಣೆ ಹಗುರಾಯಿತು. ತೋಟದ ಗುರುತು ಕೊಡುವ ಕೆಲಸ ಹಾಗೆಯೇ ಉಳಿಯಿತು.

ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ. ಈಗಿನ ತಿದ್ದುಪಡಿಯಂತೆ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30 ಗಡುವು. ಕಾಫಿ ಮಂಡಳಿ ತನ್ನ ಆ್ಯಪ್‌ನಲ್ಲಿ ಬೆಳೆಗಾರರ ನೋಂದಣಿ ಆರಂಭಿಸಿರುವುದು ಒಳ್ಳೆಯ ಹೆಜ್ಜೆ. ಅಷ್ಟು ಸಾಲದು. ತೋಟದ ಮಾಹಿತಿ ಬೆಳೆಗಾರನ ಸ್ವತ್ತಾಗಿರಬೇಕು. ಅವನು ಅದನ್ನು ಯಾವ ವ್ಯಾಪಾರಿಗಾದರೂ ಕೊಡುವಂತಿರಬೇಕು. ನಕ್ಷೆ ಅನುಮಾನಿಸಿದ ತೋಟವನ್ನು ಸ್ಥಳಕ್ಕೆ ಬಂದು ನೋಡಬೇಕು. ಪಹಣಿಯ ಗಂಟನ್ನು ಕಂದಾಯ ಇಲಾಖೆ ಬಿಡಿಸಬೇಕು. ಪುರಾವೆಯ ಖರ್ಚು ಕೊಳ್ಳುವವನ ಬೆಲೆಯಲ್ಲಿ ಸೇರಬೇಕು.

ಇದು ಕಾಫಿಗೇ ಮುಗಿಯುವ ಮಾತಲ್ಲ. ಬಲವಂತದ ದುಡಿಮೆಯಿಂದ ತಯಾರಾದ ಯಾವ ಸರಕನ್ನೂ ಒಕ್ಕೂಟದೊಳಗೆ ಬಿಡದ ಇನ್ನೊಂದು ನಿಯಮ 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ. ಅದರ ವ್ಯಾಪ್ತಿಗೆ ಹತ್ತಿ ಬಟ್ಟೆಯೂ ಬರುತ್ತದೆ. ಅಂದರೆ ನಾಳೆ ಪುರಾವೆಯ ಬೇಡಿಕೆ ನಂಜನಗೂಡಿನ ಹತ್ತಿ ಹೊಲವನ್ನೂ ತಲುಪಬಹುದು. ಕಾಫಿಯಲ್ಲಿ ಖರ್ಚು ಬೆಳೆಗಾರನ ತಲೆಗೇ ಬಿದ್ದರೆ ಹತ್ತಿಯಲ್ಲೂ ಅದೇ ರೂಢಿಯಾಗುತ್ತದೆ. ಹೊರೆ ಯಾರದೆಂದು ತೀರ್ಮಾನಿಸಬೇಕಾದ ಹೊತ್ತು ಇದೇ.