ಎಣಿಕೆಗೆ ಸಿಕ್ಕವರು, ಊರಿಗೆ ಬಾರದವರು

ಪ್ರವಾಸಿಗರನ್ನು ನಂಬಿದ ಊರಿನಲ್ಲಿ ಹೊಸದಾಗಿ ವೆಬ್‌ಸೈಟ್ ಮಾಡಿಸಿದವರ ಸಂಕಟ ಒಂದೇ: ನೋಡುವವರಿಲ್ಲ. ಬೇಲೂರಿನ ಲಾಡ್ಜಿರಲಿ, ಹಳೇಬೀಡಿನ ಹೋಂಸ್ಟೇ ಇರಲಿ, ಅರಸೀಕೆರೆಯಲ್ಲಿ ಗಾಣದ ಕೊಬ್ಬರಿ ಎಣ್ಣೆ ಮಾರುವ ಅಂಗಡಿಯಿರಲಿ, ಎರಡು ತಿಂಗಳ ಮೇಲೆ ಲೆಕ್ಕ ತೆಗೆದರೆ ಬಂದವರೆಲ್ಲ ಮನೆಯವರು, ನೆಂಟರು, ಸೈಟ್ ಮಾಡಿಕೊಟ್ಟ ಹುಡುಗ. ಟ್ರಾಫಿಕ್ ಎಕ್ಸ್‌ಚೇಂಜ್ ಕಣ್ಣಿಗೆ ಬೀಳುವುದು ಸರಿಯಾಗಿ ಆ ಹೊತ್ತಿಗೇ. ದಿನಕ್ಕೆ ಸಾವಿರ ಜನ, ಅದೂ ಪುಕ್ಕಟೆ ಎಂಬ ಮಾತಿಗೆ ಮರುಳಾಗದಿರುವುದು ಕಷ್ಟ.

ಒಳಗಿನ ವ್ಯವಹಾರ ಸರಳ. ನೀವು ಬೇರೆಯವರ ಪುಟ ನೋಡಿ, ನಿಮ್ಮ ಪುಟವನ್ನು ಬೇರೆಯವರು ನೋಡುತ್ತಾರೆ. ಪರದೆಯ ಮೇಲೆ ಯಾರದೋ ಸೈಟ್ ತೆರೆಯುತ್ತದೆ, ಮೇಲೊಂದು ಟೈಮರ್ ಓಡುತ್ತದೆ. ಹತ್ತೋ ಇಪ್ಪತ್ತೋ ಸೆಕೆಂಡು ಮುಗಿದ ಮೇಲೆ ಒಂದೇ ಬಗೆಯ ಎರಡು ಚಿತ್ರ ಹುಡುಕಿ ಕ್ಲಿಕ್ ಮಾಡಿದರೆ ಖಾತೆಗೆ ಕ್ರೆಡಿಟ್ ಬೀಳುತ್ತದೆ. ಕೆಲವು ಕಡೆ ಒಂದಕ್ಕೆ ಒಂದು, ಕೆಲವು ಕಡೆ ಎರಡು ಪುಟ ನೋಡಿದರೆ ಒಂದು ಭೇಟಿ. 2003ರಿಂದ ನಡೆದುಬಂದಿರುವ ಈಜಿಹಿಟ್ಸ್‌ಫೋರ್‌ಯು ಹೀಗೆ ಕ್ಲಿಕ್ ಮಾಡಿಸುವ ಬಗೆಯದು. ಹಿಟ್‌ಲೀಪ್‌ನಂಥವು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕ್ಲಿಕ್ಕಿನ ಕಾಟವೂ ಇಲ್ಲ. ತಂತ್ರಾಂಶವನ್ನು ಓಡಲು ಬಿಟ್ಟು ನೀವು ಊಟಕ್ಕೆ ಎದ್ದು ಹೋಗಬಹುದು. ಇದಕ್ಕೆ ಆಟೊಸರ್ಫ್ ಎನ್ನುತ್ತಾರೆ. ನೀವು ಊಟಕ್ಕೆ ಹೋದ ಹಾಗೆಯೇ ನಿಮ್ಮ ಪುಟದ ಮುಂದಿನ ‘ಪ್ರೇಕ್ಷಕ’ನೂ ಊಟಕ್ಕೆ ಹೋಗಿರುತ್ತಾನೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಲ್ಪನೆ ಹುಟ್ಟಿದಾಗ ಇಷ್ಟು ಟೊಳ್ಳಾಗಿರಲಿಲ್ಲ. 1996ರಲ್ಲಿ ಅಮೆರಿಕದಲ್ಲಿ ಶುರುವಾದ ಲಿಂಕ್‌ಎಕ್ಸ್‌ಚೇಂಜ್, ಸಣ್ಣ ಸೈಟುಗಳು ಒಂದರ ಜಾಹೀರಾತು ಪಟ್ಟಿಯನ್ನು ಇನ್ನೊಂದು ತೋರಿಸುವ ಏರ್ಪಾಡು ಮಾಡಿತು. ಎರಡು ಸಲ ತೋರಿಸಿದರೆ ನಿಮ್ಮದನ್ನು ಒಂದು ಸಲ ತೋರಿಸುತ್ತಿದ್ದರು; ಉಳಿದ ಜಾಗ ಕಂಪನಿಯ ಪಾಲು. ಎರಡೇ ವರ್ಷದಲ್ಲಿ, 1998ರಲ್ಲಿ, ಮೈಕ್ರೋಸಾಫ್ಟ್ ಅದನ್ನು 26.5 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿ ಪುಟಕ್ಕೆ ಬರುತ್ತಿದ್ದವನು ಏನನ್ನೋ ಓದಲು ಬಂದ ಓದುಗ. ಪಟ್ಟಿ ಹಿಡಿಸಿದರೆ ಒತ್ತುತ್ತಿದ್ದ, ಇಲ್ಲವಾದರೆ ಬಿಡುತ್ತಿದ್ದ. ಟ್ರಾಫಿಕ್ ಎಕ್ಸ್‌ಚೇಂಜು ಆ ಓದುಗನನ್ನೇ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಿತು. ಒಳಗೆ ಉಳಿದವರೆಲ್ಲ ಮಾರುವವರೇ.

ಲೆಕ್ಕವನ್ನೇ ಹಾಕಿ ನೋಡಬಹುದು. ಹಳೇಬೀಡಿನ ಕೆರೆಯ ಬದಿಗೆ ಒಂದು ಹೋಂಸ್ಟೇ ಇದೆ ಎಂದುಕೊಳ್ಳೋಣ. ಮಾಲೀಕರು ರಾತ್ರಿ ಒಂದು ಗಂಟೆ ಕೂತು ಸರ್ಫ್ ಮಾಡುತ್ತಾರೆ. ಪುಟಕ್ಕೆ 20 ಸೆಕೆಂಡಾದರೆ ಗಂಟೆಗೆ ಹೆಚ್ಚೆಂದರೆ 180 ಪುಟ. ಎರಡಕ್ಕೆ ಒಂದರಂತೆ ಸಿಕ್ಕುವುದು 90 ಭೇಟಿ. ಆ 90 ಜನ ಯಾವ ಖಂಡದವರೋ, ಅವರಿಗೆ ಬೇಲೂರು ಭೂಪಟದಲ್ಲಿ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಟೈಮರ್ ಯಾವಾಗ ಮುಗಿದೀತು ಎಂದು ಕಾಯುತ್ತಿರುವ ಅವರೂ ತಮ್ಮ ಸರಕನ್ನು ಯಾರಾದರೂ ನೋಡಲಿ ಎಂದೇ ಬಂದವರು. ಅವರಲ್ಲೊಬ್ಬರು ಹಳೇಬೀಡಿನಲ್ಲಿ ಶನಿವಾರ ರಾತ್ರಿಗೆ ಕೋಣೆ ಕೇಳುತ್ತಾರೆ ಎಂದು ಕಾಯುವುದು ವ್ಯಾಪಾರದ ಲೆಕ್ಕವಂತೂ ಅಲ್ಲ.

ಎಕ್ಸ್‌ಚೇಂಜುಗಳನ್ನು ‘ಪರಿಣಾಮಕಾರಿಯಾಗಿ’ ಬಳಸಿ ಎಂದು ಕಲಿಸುವ ಪಾಠಗಳಲ್ಲಿ ತಪ್ಪದೆ ಬರುವ ಉಪಾಯವೊಂದಿದೆ: ಐದಾರು ಎಕ್ಸ್‌ಚೇಂಜುಗಳಿಗೆ ಸೇರಿ, ಒಂದೊಂದನ್ನು ಒಂದೊಂದು ಟ್ಯಾಬಿನಲ್ಲಿ ತೆರೆದಿಟ್ಟುಕೊಳ್ಳಿ, ಒಂದರಲ್ಲಿ ಟೈಮರ್ ಓಡುವಾಗ ಇನ್ನೊಂದರಲ್ಲಿ ಕ್ಲಿಕ್ ಮಾಡಿ. ಕ್ರೆಡಿಟ್ ಬೇಗ ತುಂಬುತ್ತದೆ, ನಿಜ. ಆದರೆ ಎಲ್ಲರೂ ಈ ಪಾಠ ಓದಿದ್ದಾರೆ. ಎಲ್ಲರೂ ಬೇರೆ ಟ್ಯಾಬಿನಲ್ಲಿರುವಾಗ ಈ ಟ್ಯಾಬಿನ ಪುಟವನ್ನು ನೋಡುವವರು ಯಾರು? ಪದ್ಧತಿಯ ಮೇಲೆ ಇದಕ್ಕಿಂತ ಕಠಿಣ ವಿಮರ್ಶೆಯನ್ನು ಅದರ ವಿರೋಧಿಗಳೂ ಬರೆದಿಲ್ಲ.

ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತವರಿಗೆ, ಹಾದುಹೋಗುವವರೆಲ್ಲ ನೋಡುವವರಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಕಡೆಯ ಹಳಿ ಬಂದು ಕೂಡುವ ಜಾಗ ಅದು. ಹಗಲೂ ರಾತ್ರಿಯೂ ಜನ ಇಳಿಯುತ್ತಾರೆ, ಇನ್ನೊಂದು ರೈಲು ಹತ್ತುತ್ತಾರೆ. ಆಟೊದಲ್ಲಿ ಹೋಗಿಬರುವ ದೂರದಲ್ಲಿ 1220ರ ಸುಮಾರಿನ ಈಶ್ವರ ದೇವಾಲಯವಿದೆ. ನಕ್ಷತ್ರಾಕಾರದ ಅದರ ತೆರೆದ ಮಂಟಪಕ್ಕೆ ಹೊಯ್ಸಳ ವಾಸ್ತುವಿನಲ್ಲೇ ಜೋಡಿ ಸಿಗುವುದು ಕಷ್ಟ. ಪ್ಲಾಟ್‌ಫಾರ್ಮಿನಲ್ಲಿ ಕಾಯುವ ಜನರಲ್ಲಿ ಆ ಮಂಟಪವನ್ನು ನೋಡಿದವರು ಬಲು ಕಡಿಮೆ. ಅವರಿಗೆ ಬೇಕಾದದ್ದು ಮುಂದಿನ ರೈಲು. ಅದೇ ಅರಸೀಕೆರೆ ಸೀಮೆಯಲ್ಲಿ ಹುಣ್ಣಿಮೆ ಬಂತೆಂದರೆ ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೆ ಜನ ಸಾಲುಗಟ್ಟುತ್ತಾರೆ. ಅವರನ್ನು ಯಾವ ಎಕ್ಸ್‌ಚೇಂಜೂ ಕರೆಸಿದ್ದಲ್ಲ.

ಪ್ರಚಾರವೆಂಬುದು ಈ ಸೀಮೆಗೆ ಹೊಸದೂ ಅಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ, ಮದನಿಕೆಯರ ಪೀಠದ ಮೇಲೆ ಶಿಲ್ಪಿಗಳು ಹೆಸರು ಕೊರೆದುಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂಥವರಲ್ಲಿ ಇಬ್ಬರು. ಬರಿಯ ಹೆಸರಷ್ಟೇ ಅಲ್ಲ, ಎದುರಾಳಿ ಶಿಲ್ಪಿಗಳನ್ನು ಮುರಿದವರು ತಾವೆಂಬ ಅರ್ಥದ ಬಿರುದುಗಳೂ ಇವೆ. ಆ ಜಾಹೀರಾತು ಇರುವುದು ಕೆಲಸದ ಕಾಲಬುಡದಲ್ಲಿ. ಶಿಲ್ಪವನ್ನು ನೋಡುತ್ತ ನಿಂತವನಿಗೆ ಮಾತ್ರ ಕಾಣುತ್ತದೆ, ಅವನಿಗೇ ಬೇಕಾದದ್ದೂ ಅದು. ಎಕ್ಸ್‌ಚೇಂಜಿನ ಸೋಲು ಇರುವುದು ಇಲ್ಲೇ. ಅದು ನೋಟವನ್ನು ಕೊಡುತ್ತದೆ, ನೋಡಲು ಕಾರಣವನ್ನು ಕೊಡುವುದಿಲ್ಲ.

ಅಂಕಿಗಳು ಇನ್ನೂ ಹೆಚ್ಚು ಮೋಸ ಮಾಡುತ್ತವೆ. ಗೂಗಲ್ ಅನಲಿಟಿಕ್ಸಿನ ಈಗಿನ ಆವೃತ್ತಿ, ಭೇಟಿಯೊಂದು 10 ಸೆಕೆಂಡು ದಾಟಿದರೆ ಅದನ್ನು ಆಸಕ್ತಿಯ ಭೇಟಿ ಎಂದು ಎಣಿಸುತ್ತದೆ. 20 ಸೆಕೆಂಡಿನ ಟೈಮರ್ ಆ ಗೆರೆಯನ್ನು ಅನಾಯಾಸವಾಗಿ ದಾಟಿಸಬಲ್ಲದು. ಮಾಲೀಕರು ಏರಿದ ಗ್ರಾಫ್ ನೋಡಿ ಹಿಗ್ಗುತ್ತಾರೆ, ಫೋನ್ ಮಾತ್ರ ರಿಂಗಾಗುವುದಿಲ್ಲ. ಹಾಗಾಗಿ ನೋಡಬೇಕಾದದ್ದು ಬೇರೆ: ‘ಕರೆ ಮಾಡಿ’ ಗುಂಡಿ ಒತ್ತಿದವರೆಷ್ಟು, ದಾರಿ ಹುಡುಕಿದವರೆಷ್ಟು, ಯಾವ ಊರಿನಿಂದ ನೋಡಿದರು. ಮುಂದೆ ಫೇಸ್‌ಬುಕ್ಕಿನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕುವ ದಿನ ಬಂದರೆ ಇನ್ನೊಂದು ಪೆಟ್ಟು. ಸೈಟಿಗೆ ಬಂದುಹೋದವರಂಥ ಜನರನ್ನು ಹುಡುಕಿಕೊಡು ಎಂದರೆ ಆ ಯಂತ್ರ ಟೈಮರ್ ಕಾಯುವವರಂಥ ಜನರನ್ನೇ ಹುಡುಕಲು ಹೊರಡುತ್ತದೆ.

ಸೈಟಿನಲ್ಲಿ ಗೂಗಲ್ ಆಡ್‌ಸೆನ್ಸ್ ಜಾಹೀರಾತು ಹಾಕಿಕೊಂಡವರಂತೂ ಇತ್ತ ತಲೆ ಹಾಕಲೇಬಾರದು. ಕ್ಲಿಕ್ ವಿನಿಮಯ, ಆಟೊಸರ್ಫ್, ದುಡ್ಡು ಕೊಟ್ಟು ನೋಡಿಸುವ ಏರ್ಪಾಡುಗಳಿಂದ ಬಂದ ಜನರನ್ನು ಅದರ ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ, ಖಾತೆಯೇ ಹೋಗಬಹುದು. ಕನ್ನಡದ ಹೊಸ ಯೂಟ್ಯೂಬರುಗಳ ನಡುವೆ ಓಡಾಡುವ ‘ನೀವು ಸಬ್ ಮಾಡಿ, ನಾವೂ ಮಾಡ್ತೀವಿ’ ಕೂಡ ಇದರ ತಮ್ಮನೇ, ಯೂಟ್ಯೂಬ್ ಅದನ್ನೂ ನಕಲಿ ಎಂದೇ ಕಾಣುತ್ತದೆ.

ಭೇಟಿಯ ಬದಲು ಹಣದ ಆಸೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಿದೆ. 12ಡೈಲಿಪ್ರೊ ಎಂಬ ಆಟೊಸರ್ಫ್ ಕಂಪನಿ ದಿನಕ್ಕೆ ಶೇ. 12ರಂತೆ 12 ದಿನ ಕೊಡುತ್ತೇನೆಂದು ಹೇಳಿ ಹಣ ಎತ್ತಿತು. 2006ರ ಫೆಬ್ರುವರಿಯಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ ಮೊಕದ್ದಮೆ ಹೂಡಿ ಅದನ್ನು ನಿಲ್ಲಿಸಿದಾಗ ಹೂಡಿಕೆದಾರರ ಸಂಖ್ಯೆ 3 ಲಕ್ಷ ದಾಟಿತ್ತು. ಹೊಸಬರ ಹಣದಲ್ಲೇ ಹಳಬರಿಗೆ ಕೊಡುತ್ತಿದ್ದರೆಂಬುದು ಆಯೋಗದ ಆರೋಪ. ನಮ್ಮಲ್ಲಿ 2017ರ ಫೆಬ್ರುವರಿಯಲ್ಲಿ ನೋಯ್ಡಾದ ‘ಸೋಷಿಯಲ್ ಟ್ರೇಡ್’ ಬಿತ್ತು. ಕ್ಲಿಕ್ಕಿಗೆ 5 ರೂಪಾಯಿ ಎಂದು ಜನರನ್ನು ಸೇರಿಸಿಕೊಂಡ ಆ ವ್ಯವಹಾರದಲ್ಲಿ ಸುಮಾರು 3,700 ಕೋಟಿ ರೂಪಾಯಿ ಸಂಗ್ರಹವಾಗಿತ್ತೆಂದು ಉತ್ತರ ಪ್ರದೇಶದ ಪೊಲೀಸರು ಹೇಳಿದರು. ಸಾಧಾರಣ ಟ್ರಾಫಿಕ್ ಎಕ್ಸ್‌ಚೇಂಜುಗಳು ಇಂಥ ವಂಚನೆಯಲ್ಲ, ಎರಡನ್ನೂ ಒಂದೇ ಮಾಡುವುದು ಅನ್ಯಾಯ. ಆದರೂ ಸದಸ್ಯತ್ವಕ್ಕೆ ದುಡ್ಡು ಕೇಳಿ, ‘ನೋಡಿದ್ದಕ್ಕೆ ಆದಾಯ’ ಎಂದ ಕೂಡಲೇ ಎದ್ದು ಬರುವುದೇ ಜಾಣತನ.

ಹಾಗಾದರೆ ಎಕ್ಸ್‌ಚೇಂಜ್ ಯಾರ ಕೆಲಸಕ್ಕೂ ಬಾರದೆ? ಕೆಲವರಿಗೆ ಬರುತ್ತದೆ. ಅಲ್ಲಿ ಕೂತವರೆಲ್ಲ ಸೈಟ್ ಇಟ್ಟುಕೊಂಡವರು. ಸೈಟ್ ಇಟ್ಟವರಿಗೆ ಬೇಕಾದದ್ದನ್ನು ಮಾರುವವರಿಗೆ ಅದು ನಿಜವಾದ ಮಾರುಕಟ್ಟೆ. ಲೋಗೊ ಬರೆದುಕೊಡುವ, ಹೋಸ್ಟಿಂಗ್ ಮಾರುವ, ಇಂಗ್ಲಿಷಿನಲ್ಲಿ ಪುಟ ಬರೆದುಕೊಡುವ ಅರಸೀಕೆರೆಯ ಹುಡುಗಿಯೊಬ್ಬಳು ಅಲ್ಲಿ ಗಿರಾಕಿ ಹುಡುಕಬಹುದು. ಅವಳಾದರೂ ಪೂರ್ತಿ ವೆಬ್‌ಸೈಟನ್ನು ಅಲ್ಲಿ ಹಾಕಬಾರದು. ಒಂದು ತಲೆಬರಹ, ಒಂದು ಚಿತ್ರ, ಇಮೇಲ್ ಬರೆಯಲು ಒಂದು ಚೌಕ, ಇಷ್ಟೇ ಇರುವ, ಐದು ಸೆಕೆಂಡಿನಲ್ಲಿ ಅರ್ಥವಾಗುವ ಪುಟ ಸಾಕು. ಎಕ್ಸ್‌ಚೇಂಜಿಗೊಂದು ಬೇರೆ ಗುರುತಿನ ಲಿಂಕ್ ಕೊಟ್ಟರೆ ಯಾವುದರಿಂದ ಇಮೇಲ್ ಬಂತೆಂದು ತಿಳಿಯುತ್ತದೆ. ಎರಡು ತಲೆಬರಹಗಳಲ್ಲಿ ಯಾವುದು ಹೆಚ್ಚು ಸೆಳೆಯುತ್ತದೆಂದು ಪರೀಕ್ಷಿಸಲೂ ಜಾಗ ಅಗ್ಗ. ಆಟೊಸರ್ಫಿನಲ್ಲಿ ಇದು ಯಾವುದೂ ನಡೆಯುವುದಿಲ್ಲ, ಅಲ್ಲಿ ಕಣ್ಣೇ ಇಲ್ಲ.

ಹೋಂಸ್ಟೇಯವರ ಸಮಸ್ಯೆಯೇ ಬೇರೆ. ಬೆಂಗಳೂರಿನಿಂದ ಹೊರಡುವ ಪ್ರವಾಸೋದ್ಯಮ ನಿಗಮದ ಬಸ್ಸು ಬೇಲೂರು, ಹಳೇಬೀಡು, ಶ್ರವಣಬೆಳಗೊಳವನ್ನು ಒಂದೇ ದಿನದಲ್ಲಿ ಮುಗಿಸುತ್ತದೆ. ಜನ ಬರುತ್ತಿಲ್ಲವೆಂದಲ್ಲ, ರಾತ್ರಿ ಉಳಿಯುತ್ತಿಲ್ಲ. 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೂ ಈ ಒಂದು ದಿನದ ಓಟ ನಿಂತಿಲ್ಲ. ಉಳಿಸಿಕೊಳ್ಳಬೇಕಾದರೆ ಎರಡನೆಯ ದಿನಕ್ಕೆ ಏನಿದೆ ಎಂದು ಹೇಳಬೇಕು, ಅದು ಪಟ್ಟಿಯ ಹೊರಗಿದೆ. ಅರಸೀಕೆರೆಯ ಈಶ್ವರ, ಅದರ ಹತ್ತಿರದ ಹಾರನಹಳ್ಳಿಯ ಗುಡಿಗಳು, ಜಾವಗಲ್ಲಿನ ಲಕ್ಷ್ಮೀನರಸಿಂಹ, ಹಳೇಬೀಡಿನ ಆಚೆಗೆ ಬೆಳವಾಡಿಯ ವೀರನಾರಾಯಣ.

ಇಲ್ಲಿ ವಿನಿಮಯಕ್ಕೆ ಅರ್ಥ ಬರುತ್ತದೆ. ಬೇಲೂರಿನ ಲಾಡ್ಜಿನ ಪುಟ ಜಾವಗಲ್ಲಿನ ದಾರಿ ತೋರಿಸಲಿ, ಅರಸೀಕೆರೆಯ ಟ್ಯಾಕ್ಸಿಯವರ ಪುಟದಲ್ಲಿ ರೈಲು ಇಳಿದವರಿಗೆ ಮೂರು ಗುಡಿಗಳ ಅರ್ಧ ದಿನದ ಸುತ್ತು ಮತ್ತು ಬಾಡಿಗೆ ಇರಲಿ, ಅವರು ಹಳೇಬೀಡಿನ ಹೋಂಸ್ಟೇಯ ಕೊಂಡಿ ಹಾಕಲಿ, ಹೋಂಸ್ಟೇಯವರು ಅವರದನ್ನು ಹಾಕಲಿ. ಲೆಕ್ಕವಿಲ್ಲದೆ ಕೊಂಡಿ ಬದಲಾಯಿಸಿಕೊಳ್ಳುವುದನ್ನು ಗೂಗಲ್ ಕಸವೆಂದು ತಳ್ಳುತ್ತದೆ. ಓದುವವರಿಗೆ ಬೇಕಾದ ನಾಲ್ಕು ಕೊಂಡಿಗಳಿಗೆ ಆ ಭಯವಿಲ್ಲ. ಗೂಗಲ್ ಮ್ಯಾಪಿನಲ್ಲಿ ಗೇಟಿನ ಜಾಗ ಸರಿಯಾಗಿ ಗುರುತಿಸಿ, ಎತ್ತುವ ಫೋನಿನ ನಂಬರು ಕೊಟ್ಟು, ಸ್ನಾನದ ಮನೆಯ ಫೋಟೊ ಹಾಕಿ, ರಾತ್ರಿ ಹತ್ತರ ರೈಲಿಗೆ ಬಂದವರಿಗೆ ಊಟ ಸಿಗುತ್ತದೋ ಇಲ್ಲವೋ ಎಂದು ಬರೆಯಲು ಆ ಸರ್ಫಿನ ಒಂದು ಗಂಟೆಯೇ ಸಾಕು.