ಪರಿಚಯದ ಸಹಿ

ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಹೋಗಿಬಂದ ನಮ್ಮ ಕಡೆಯವರಿಗೆ ದೌಂಡ ಅಂದರೆ ಇಂಜಿನ್ ತಿರುಗಿಸುವ ಸ್ಟೇಷನ್ನು. ಸೊಲ್ಲಾಪುರದ ಕಡೆಯಿಂದ ಬಂದ ಗಾಡಿ ಮನಮಾಡದ ಹಾದಿ ಹಿಡಿಯಬೇಕಾದರೆ ಇಲ್ಲಿ ಇಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಬೇಕಾಗಿತ್ತು. ಈಗ ಬೈಪಾಸ್ ಹಳಿ ಆಗಿ ಎಷ್ಟೋ ಗಾಡಿಗಳಿಗೆ ಆ ಕೆಲಸ ತಪ್ಪಿದೆ. ಆಗಿನ ಆ ಅರ್ಧ ತಾಸಿನಲ್ಲಿ ಡಬ್ಬಿಯೊಳಗೆ ಎರಡು ಮಾತು ತಪ್ಪದೆ ಕೇಳಿಬರುತ್ತಿದ್ದವು. ಒಂದು, "ಚಹಾ ಬಂತೇನು ನೋಡ್ರಿ." ಇನ್ನೊಂದು, "ಸಾಮಾನು ಒಳಗ ಸರಿಸ್ರಿ, ಇಲ್ಲಿ ಪಾರಧಿಗಳ ಕಾಟ ಭಾಳ." ಎರಡನೆಯ ಮಾತು ಹೇಳಿದವರಲ್ಲಿ ಪಾರಧಿಯೊಬ್ಬನನ್ನು ಮಾತಾಡಿಸಿ ಬಲ್ಲವರು ಯಾರೂ ಇರಲಿಲ್ಲ. ಆ ಮಾತನ್ನು ನಾನೂ ಹೇಳಿದ್ದೇನೆ.

1996ರಲ್ಲಿ ನನಗೆ ಅದೇ ದೌಂಡಕ್ಕೆ ವರ್ಗವಾಯಿತು. ಭೀಮಾ ನದಿಯ ದಂಡೆಯ ಊರು. ರೈಲ್ವೆಯವರು, ರಾಜ್ಯ ಮೀಸಲು ಪೊಲೀಸ್ ಪಡೆಯವರು, ಸುತ್ತಲಿನ ಕಬ್ಬಿನ ರೈತರು, ಇವರೇ ನಮ್ಮ ಶಾಖೆಯ ಗಿರಾಕಿಗಳು. ಹುಬ್ಬಳ್ಳಿಯ ನನಗೆ ಮರಾಠಿ ತಿಳಿಯುತ್ತಿತ್ತು, ಆದರೆ ಬಾಯಿ ಬಿಟ್ಟ ಕೂಡಲೇ ಪರಸ್ಥಳದವನು ಅಂತ ಗೊತ್ತಾಗುತ್ತಿತ್ತು. ಬಾಡಿಗೆ ಮನೆಗೆ ತಿರುಗಿ ತಿರುಗಿ ಸಾಕಾಯಿತು. ಕೊನೆಗೆ ವಿಜಾಪುರ ಕಡೆಯ ರೈಲ್ವೆ ಗಾರ್ಡ್ ಒಬ್ಬರು ಮನೆ ಮಾಲೀಕರ ಎದುರು ನಿಂತು, "ಇವರು ನಮ್ಮವರು, ನಾ ಜವಾಬ್ದಾರಿ" ಅಂದರು. ಅವರಿಗೂ ನನಗೂ ಅಂದು ಮುಂಜಾನೆಯಷ್ಟೇ ಭೆಟ್ಟಿಯಾಗಿತ್ತು. ಸಂಜೆಗೆ ಕೀಲಿಕೈ ಸಿಕ್ಕಿತು. ಪರಸ್ಥಳದಲ್ಲಿ ಬದುಕಬೇಕಾದರೆ ನಮ್ಮ ಪರವಾಗಿ ಒಂದು ಸಹಿ ಹಾಕುವವರು ಬೇಕು ಅನ್ನುವುದು ಆ ದಿನ ನನಗೆ ತಿಳಿಯಿತು. ತಿಳಿದದ್ದು ನನ್ನ ಮಟ್ಟಿಗೆ ಮಾತ್ರ.

ಮರುವರ್ಷ ನನ್ನ ಮೇಜಿನ ಮುಂದೆ ಒಬ್ಬ ಪಾರಧಿ ಹೆಣ್ಣುಮಗಳು ಬಂದು ನಿಂತಳು. ಫಾಸೆ ಪಾರಧಿ, ಅಂದರೆ ಉರುಲು ಹಾಕಿ ಬೇಟೆಯಾಡುತ್ತಿದ್ದವರು. ನಮ್ಮ ಕಡೆ ಹರಣಶಿಕಾರಿ ಅನ್ನುವುದೂ ಇವರನ್ನೇ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಎರಡೂ ಹೆಸರು ಒಂದೇ ಸಾಲಿನಲ್ಲಿವೆ. ಆಕೆಗೆ ಉಳಿತಾಯ ಖಾತೆ ಬೇಕಿತ್ತು. ಕೂಡ್ರಿಸಿದೆ, ನೀರು ಕೊಡಿಸಿದೆ, ಫಾರ್ಮು ತೆಗೆದೆ. ಹುಟ್ಟಿದ ತಾರೀಖು? ಗೊತ್ತಿಲ್ಲ. ವಿಳಾಸ? ಹಳಿಯ ಆಚೆಗಿನ ಪಾಲ, ಅಂದರೆ ಗುಡಾರ. ಪರಿಚಯದ ಸಹಿ ಹಾಕುವ ಖಾತೆದಾರರು? ಅವರ ವಸ್ತಿಯಲ್ಲಿ ಯಾರಿಗೂ ಖಾತೆ ಇರಲಿಲ್ಲ. "ನಿಯಮ ಹೀಗಿದೆ ಬಾಯಿ, ನನ್ನ ಕೈಯಲ್ಲಿಲ್ಲ" ಅಂತ ಸಮಾಧಾನವಾಗಿಯೇ ಹೇಳಿ ಕಳಿಸಿದೆ.

ನಿಯಮ ಇದ್ದದ್ದು ನಿಜ. ಆದರೆ ಅದೇ ತಿಂಗಳು ಸೊಲ್ಲಾಪುರದಿಂದ ಬಂದ ಚಾದರ ವ್ಯಾಪಾರಿಯೊಬ್ಬನಿಗೆ ಪರಿಚಯದ ಸಹಿಯನ್ನು ನಾನೇ ಹಾಕಿದ್ದೆ. ಅವನು ಕನ್ನಡ ಮಾತಾಡಿದ, ಎರಡು ನಿಮಿಷದಲ್ಲಿ ನಮ್ಮವನಾದ. ಸಿಬ್ಬಂದಿ ಸಹಿ ಹಾಕಬಾರದೆಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ.

1998ರ ಚಳಿಗಾಲದಲ್ಲಿ ತಾಲ್ಲೂಕಿನ ಮಟ್ಟದ ಒಂದು ತರಬೇತಿ ನಡೆಯಿತು. ಸಮಾಜ ಕಾರ್ಯಕರ್ತರು, ನರ್ಸ್‌ಗಳು, ಅಂಗನವಾಡಿ ತಾಯಂದಿರು, ಶಿಕ್ಷಕರು, ಸಾಲ ಕೊಡುವ ಬ್ಯಾಂಕಿನವರು ಅಂತ ನಾನು. ವಿಷಯ, ವಿಮುಕ್ತ ಜಾತಿಯವರ ಬಗ್ಗೆ ಇರುವ ಪೂರ್ವಗ್ರಹ ನಿವಾರಣೆ. ಗೋಡೆಯ ಮೇಲೆ ಚಾರ್ಟ್ ತೂಗುಹಾಕಿದ್ದರು: ಪಾರಧಿಗಳ ದೇವರು, ಮದುವೆ, ಪಂಚಾಯತಿ, ಆಹಾರ, 'ಸ್ವಭಾವ'. ಆ ಕೊನೆಯ ಶಬ್ದದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಸ್ವಭಾವ ಅಂತ ಒಂದು ಕುಲಕ್ಕೆ ಕಟ್ಟುವುದೇ ಪೂರ್ವಗ್ರಹ ತಾನೇ? ಊಟದ ನಂತರ ನಾವು ಗುಂಪಾಗಿ ಕುಳಿತು ನಮ್ಮ ಮನಸ್ಸಿನ ಕೊಳೆಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದೆವು. ಎಲ್ಲರಿಗೂ ಹಗುರಾಯಿತು. ಕೊನೆಗೆ 'ಅನುಭವ ಕಥನ'ಕ್ಕೆ ವಸ್ತಿಯಿಂದ ಒಬ್ಬರನ್ನು ಕರೆಸಿದ್ದರು. ನೋಡಿದರೆ ಅದೇ ಹೆಣ್ಣುಮಗಳು.

ಆಕೆ ಹೆಚ್ಚು ಮಾತಾಡಲಿಲ್ಲ. ನನ್ನ ಕಡೆ ಕೈ ಮಾಡಿ ಮರಾಠಿಯಲ್ಲಿ ಅಂದದ್ದು ಇಷ್ಟು: "ಈ ಸಾಹೇಬರು ಛಲೋ ಮನುಷ್ಯ. ನೀರು ಕೊಟ್ರು, ಚಂದಾಗಿ ಮಾತಾಡಿದ್ರು. ಖಾತೆ ತೆಗೀಲಿಲ್ಲ." ಸಿಟ್ಟಿನಿಂದ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಸಭೆ ಚಪ್ಪಾಳೆ ತಟ್ಟಿತು. ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ಇಂಥ ತರಬೇತಿಗಳ ಮೇಲೆ ನನ್ನ ಟೀಕೆ ಏನೆಂಬುದು ಆ ಮೂರು ಮಾತುಗಳಲ್ಲಿ ಪೂರ್ತಿ ಇದೆ. ತರಬೇತಿ ನಮ್ಮ ಮಾತಿನ ಧಾಟಿ ತಿದ್ದುತ್ತದೆ. ಫಾರ್ಮನ್ನು ತಿದ್ದುವುದಿಲ್ಲ.

ಅದಾದ ಮೇಲೆ ನಾನು ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಹುಡುಕಿ ಓದಿದೆ. ಮರಾಠಿಯಲ್ಲಿ 1987ರಲ್ಲಿ ಬಂದ ಆತ್ಮಕಥೆ, ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಲಾತೂರ ತಾಲ್ಲೂಕಿನ ಧನೇಗಾಂವದ ಉಚಲ್ಯಾ ಸಮುದಾಯದ ಹುಡುಗನ ಕಥೆ. ಉಚಲ್ಯಾ ಅಂದರೆ ಎತ್ತಿಕೊಳ್ಳುವವನು. ನಮ್ಮಲ್ಲೂ ಗಂಟಿಚೋರರು ಅಂತ ಒಂದು ಸಮುದಾಯದ ಹೆಸರೇ ಇದೆಯಲ್ಲ. ಹುಟ್ಟುವ ಮೊದಲೇ ಆರೋಪಪಟ್ಟಿ ಸಿದ್ಧ. ಪುಸ್ತಕ ಶುರುವಾಗುವುದೇ ತನಗೆ ಏನೇನು ಇಲ್ಲ ಎಂಬ ಲೆಕ್ಕದಿಂದ: ಊರು ಅನ್ನುವುದಿಲ್ಲ, ಹುಟ್ಟಿದ ದಿನವಿಲ್ಲ, ಹೊಲಮನೆಯಿಲ್ಲ. ವಿಮರ್ಶಕರು ಅದನ್ನು ಒಳ್ಳೆಯ ಆರಂಭ ಅನ್ನಬಹುದು. ನಾನು ಬ್ಯಾಂಕಿನವನು, ನನಗೆ ಅದು ನಮ್ಮ ಫಾರ್ಮಿನ ಒಂದೊಂದೇ ಕಾಲಮ್ಮಿಗೆ ಬರೆದ ಉತ್ತರದಂತೆ ಕಂಡಿತು.

ಅಜ್ಜ ಪೊಲೀಸರ ಹಾಜರಿಗೆ ಕಟ್ಟುಬಿದ್ದವನು. ಹುಡುಗ ಶಾಲೆಗೆ ಹೋದರೆ, ವಸ್ತಿಯಲ್ಲಿ ಮಕ್ಕಳಿಗೆ ಕಾಯಿಲೆ ಬಂದದ್ದು ಅದರಿಂದಲೇ ಅನ್ನುವ ತಮ್ಮವರ ಅಂಜಿಕೆ. ಗಾಯಕವಾಡರು ತಮ್ಮವರ ಕಳ್ಳತನವನ್ನು ಮುಚ್ಚಿಡುವುದಿಲ್ಲ, ಕೆಲಸ ಕೇಳಿದರೆ ಕೊಡದ ಊರನ್ನೂ ಬಿಡುವುದಿಲ್ಲ. ಪುಸ್ತಕದ ಬಲ ಇಲ್ಲಿದೆ. ಕೊನೆಯ ಭಾಗ ಮಾತ್ರ ಸಂಘಟನೆ, ಹೋರಾಟಗಳ ವರದಿಯಾಗಿ, ಸಭೆಯ ನಡಾವಳಿಯಂತೆ ಓದಿಸಿಕೊಳ್ಳುತ್ತದೆ. ಮನೆಯ ಹೆಂಗಸರ ಒಳಮನಸ್ಸಿಗೂ ಜಾಗ ಕಡಿಮೆ. ಆದರೂ ಚಾರ್ಟಿನಲ್ಲಿ 'ಸ್ವಭಾವ' ಅಂತಿದ್ದದ್ದು ಇಲ್ಲಿ ಪೊಲೀಸ್ ಠಾಣೆ, ಶಾಲೆ, ಗಿರಣಿಗಳ ಕಥೆಯಾಗುತ್ತದೆ. ಒಂದು ದಿನದ ತರಬೇತಿಗಿಂತ ಈ ಪುಸ್ತಕ ನನಗೆ ಹೆಚ್ಚು ಕಲಿಸಿತು.

ಈ ಗೊಂದಲ ನಮ್ಮದೊಂದೇ ಅಲ್ಲ. ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಸಮಾಜ ಕಾರ್ಯಕರ್ತೆ. ಅಲ್ಲಿ ವರ್ಣಭೇದ ವಿರೋಧಿ ತರಬೇತಿ ಅವರ ವೃತ್ತಿಯ ಒಂದು ಭಾಗ. 1981ರ ಬ್ರಿಕ್ಸ್‌ಟನ್ ಗಲಭೆಯ ನಂತರ ಅಲ್ಲಿನ ನಗರಸಭೆಗಳು ನೌಕರರಿಗೆ ಇಂಥ ತರಬೇತಿ ಕೊಡತೊಡಗಿದವು. ಶ್ರೀಲಂಕಾ ಮೂಲದ ಎ. ಶಿವಾನಂದನ್ 1985ರಲ್ಲೇ ಇದನ್ನು ಕಟುವಾಗಿ ಟೀಕಿಸಿದರು. ಜನಾಂಗ ದ್ವೇಷವನ್ನು ಒಬ್ಬೊಬ್ಬರ ಮನಸ್ಸಿನ ರೋಗ ಮಾಡಿ ಚಿಕಿತ್ಸೆಗೆ ಕೂತರೆ, ಸರ್ಕಾರ ಮತ್ತು ಸಂಸ್ಥೆಗಳು ಮಾಡುವ ಅನ್ಯಾಯ ಹಾಗೇ ಉಳಿಯುತ್ತದೆ ಎಂಬುದು ಅವರ ವಾದದ ಸಾರ. 1989ರಲ್ಲಿ ಸಮಾಜ ಕಾರ್ಯ ಶಿಕ್ಷಣದ ಅಲ್ಲಿನ ಮಂಡಳಿ ವರ್ಣಭೇದ ವಿರೋಧವನ್ನು ಪಠ್ಯದಲ್ಲಿ ಕಡ್ಡಾಯ ಮಾಡಿತು. ಪತ್ರಿಕೆಗಳಲ್ಲಿ ಗದ್ದಲವಾಗಿ ಕೆಲವೇ ವರ್ಷಗಳಲ್ಲಿ ಅದನ್ನು ಸಡಿಲಿಸಿದರು. ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆಯ ತನಿಖೆ ಹೇಗೆ ಹಾಳಾಯಿತು ಎಂದು ವಿಚಾರಿಸಿದ ಮ್ಯಾಕ್‌ಫರ್ಸನ್ ವರದಿ 1999ರಲ್ಲಿ, ದೋಷ ಸಂಸ್ಥೆಯದೂ ಹೌದು ಎಂದಿತು.

ನಾನು ದೌಂಡದ ಕಥೆ ಹೇಳಿದಾಗ ಅವಳು ಕೇಳಿದಳು: "ಮಾಮಾ, ನೀವು ಆ ಚೀಟಿಯಲ್ಲಿ ಏನು ಬರೆದಿದ್ರಿ?"

"ಅವರನ್ನ ಕಂಡರ ಅಂಜಿಕೆ ಆಗ್ತದ ಅಂತ ಬರದಿದ್ದೆ."

"ಚಾದರದವನಿಗೆ ಸಹಿ ಹಾಕಿದ್ದು ಬರೀಲಿಲ್ಲ?"

ಬರೆದಿರಲಿಲ್ಲ. ಅದು ನನಗೆ ಪೂರ್ವಗ್ರಹ ಅಂತ ಹೊಳೆದೇ ಇರಲಿಲ್ಲ. ಅದನ್ನು ನಾನು ಊರಿನ ಅಭಿಮಾನ ಅಂದುಕೊಂಡಿದ್ದೆ.

ಸಹಾಯ ಮಾಡುವವರ ಕೈ ಎಷ್ಟು ಭಾರವಾಗಿರಬಹುದು ಅನ್ನುವುದಕ್ಕೆ ನಮ್ಮ ಹುಬ್ಬಳ್ಳಿಯೇ ಸಾಕ್ಷಿ. ಸೆಟ್ಲಮೆಂಟ್ ಅಂತ ಒಂದು ಓಣಿ ಇದೆ. ಚಿಕ್ಕವರಿದ್ದಾಗ "ಆ ಕಡೆ ಹೋಗಬ್ಯಾಡ್ರಿ" ಅಂತ ಮನೆಯಲ್ಲಿ ಹೇಳುತ್ತಿದ್ದರು, ಯಾಕೆ ಅಂತ ಹೇಳುತ್ತಿರಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ತಿದ್ದುಪಡಿಯ ನಂತರ ಮುಂಬೈ ಪ್ರಾಂತ್ಯದಲ್ಲೂ ಜಾರಿಯಾಗಿ, ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳಾದವು. ಹಾಜರಿ, ಹೊರಗೆ ಹೋಗಲು ಪಾಸು, ಗಿರಣಿಯಲ್ಲಿ ದುಡಿಮೆ. ಅವನ್ನು ನಡೆಸಿದವರು ತಮ್ಮನ್ನು ಜೈಲರ್ ಅಂದುಕೊಂಡಿರಲಿಲ್ಲ, ಸುಧಾರಕರು ಅಂದುಕೊಂಡಿದ್ದರು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಬೆನ್ನಿಗೇ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಮುಂಬೈಗೆ 1959ರಲ್ಲಿ, ನಮಗೆ 1961ರಲ್ಲಿ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಣುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಲು 2024ರ ಅಕ್ಟೋಬರ್ ಬರಬೇಕಾಯಿತು.

ಹಾಗಾದರೆ ತರಬೇತಿಯೇ ಬೇಡವೇ? ಹಾಗೆ ಹೇಳಲಾರೆ. ಆ ದಿನ ನನ್ನನ್ನು ಅಲ್ಲಿ ಕೂಡ್ರಿಸದಿದ್ದರೆ ಆಕೆಯ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಆದರೆ ಅದು ಕಾರ್ಯಕ್ರಮ ಪಟ್ಟಿಯ ಕೊನೆಯ ಐದು ನಿಮಿಷ ಆಗಬಾರದಿತ್ತು. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಸಬರ್ ಪೊಲೀಸರ ವಶದಲ್ಲಿ ಸತ್ತಾಗ, ಅಹಮದಾಬಾದಿನ ಛಾರಾನಗರದ ತರುಣರು ಅದೇ ವರ್ಷ ಅದನ್ನು ನಾಟಕ ಮಾಡಿ ಆಡಿದರು. ಅವರೂ ಅದೇ ಹಣೆಪಟ್ಟಿ ಹೊತ್ತವರು. ಅಲ್ಲಿ ಹೇಳುವವರು ಅವರು, ಕೇಳುವವರು ನಾವು. ತರಬೇತಿ ಅಂದರೆ ಹಾಗಿರಬೇಕು. ಜೊತೆಗೆ ಪ್ರತಿಯೊಬ್ಬ ನೌಕರನೂ ತನ್ನ ಕಚೇರಿಯ ಫಾರ್ಮು ತಂದು, ಇದರಲ್ಲಿ ಯಾವ ಕಾಲಮ್ಮು ಯಾರನ್ನು ಹೊರಗಿಡುತ್ತದೆ, ನಿಯಮದ ಒಳಗೇ ನಾನು ಯಾರಿಗೆ ದಾರಿ ಮಾಡಿಕೊಟ್ಟೆ, ಯಾರಿಗೆ ಕೊಡಲಿಲ್ಲ ಅಂತ ಲೆಕ್ಕ ಒಪ್ಪಿಸಬೇಕು. ಮನಸ್ಸಿನ ಕೊಳೆಗೆ ಆಡಿಟ್ ಇಲ್ಲ, ಲೆಜರಿಗೆ ಇದೆ.

ಫಾರ್ಮು ಬದಲಾದರೆ ಏನಾಗುತ್ತದೆ ಅನ್ನುವುದನ್ನು ಆಮೇಲೆ ಕಂಡೆವು. 2005ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬಡವರಿಗೆ ಸರಳ ಖಾತೆ ತೆಗೆಯಲು ಹೇಳಿತು, 2014ರಲ್ಲಿ ಜನಧನ ಬಂತು. ನಮ್ಮ ಮನಸ್ಸು ಶುದ್ಧವಾಗಲಿ ಅಂತ ಯಾರೂ ಕಾಯಲಿಲ್ಲ, ಖಾತೆಗಳು ತೆರೆದವು. ಖಾತೆ ಇದ್ದವರಿಗೆಲ್ಲ ಸಾಲ ಸಿಕ್ಕಿತು ಅಂತಲ್ಲ. ಅಲ್ಲಿ ಮತ್ತೆ ಮೇಜಿನ ಹಿಂದೆ ಕೂತವನ ಕಣ್ಣು ಅಡ್ಡ ಬರುತ್ತದೆ.

ತರಬೇತಿಯ ಮರುದಿನ ನಾನು ಒಂದು ಫಾರ್ಮಿನ ಮೇಲೆ ಪರಿಚಯದ ಸಹಿ ಹಾಕಿ ಡ್ರಾವರಿನಲ್ಲಿ ಇಟ್ಟುಕೊಂಡೆ, ಆಕೆ ಬಂದರೆ ತಡವಾಗದಿರಲಿ ಅಂತ. ಜವಾನನ ಕೈಲಿ ಹೇಳಿಯೂ ಕಳಿಸಿದೆ. ನಾನೇ ಹಳಿ ದಾಟಿ ಹೋಗಬಹುದಿತ್ತು, ಹೋಗಲಿಲ್ಲ. ಜವಾನ ತಿರುಗಿ ಬಂದು, ಪಾಲಗಳು ಎದ್ದಿವೆ, ಎತ್ತ ಹೋದರೋ ಗೊತ್ತಿಲ್ಲ ಅಂದ. 1999ರಲ್ಲಿ ನನಗೆ ವರ್ಗವಾದಾಗ ಡ್ರಾವರು ಖಾಲಿ ಮಾಡುತ್ತ ಆ ಫಾರ್ಮು ಕೈಗೆ ಬಂತು. ಮೇಲಿನ ಕಾಲಮ್ಮುಗಳೆಲ್ಲ ಖಾಲಿ, ಕೆಳಗೆ ನನ್ನ ಸಹಿ ಮಾತ್ರ. ಹೆಸರು ಬರೆದಿಡೋಣವೆಂದರೆ, ಆಕೆಯ ಹೆಸರು ನಾನು ಕೇಳಿಯೇ ಇರಲಿಲ್ಲ.