ಸರಕು ನಾವೇ ಆದ್ರೆ ರೇಟೆಷ್ಟು?

2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ‘ದಿ ಸೋಷಿಯಲ್ ಡಿಲೆಮಾ’ ಸಾಕ್ಷ್ಯಚಿತ್ರ ನೋಡಿದವರಿಗೆಲ್ಲ ಒಂದು ಮಾತು ಬಾಯಿಪಾಠ ಆಗಿದೆ. ಪುಕ್ಕಟೆ ಸಿಗ್ತಿದೆ ಅಂದ್ರೆ ಮಾರಾಟ ಆಗ್ತಿರೋ ಸರಕು ನಾವೇ ಅನ್ನೋದು. ಮಾತೇನೋ ಚುರುಕಾಗಿದೆ. ಆದ್ರೆ ಸರಕು ಅಂದಮೇಲೆ ರೇಟು ಇರಬೇಕಲ್ಲ? ಚಿತ್ರ ಆ ಲೆಕ್ಕದ ಹತ್ತಿರ ಹೆಚ್ಚು ಹೊತ್ತು ನಿಲ್ಲೋದಿಲ್ಲ. ಹುಡುಗನೊಬ್ಬ ಮೊಬೈಲಿಗೆ ಅಂಟಿಕೊಳ್ಳೋದನ್ನ, ತೆರೆಯ ಹಿಂದೆ ಒಂದೇ ಮುಖದ ಮೂವರು ಕೂತು ಅವನನ್ನ ಆಡಿಸೋದನ್ನ ಚೆನ್ನಾಗಿ ತೋರಿಸುತ್ತೆ. ಚಟದ ಕಥೆಯಾಗಿ ಪರವಾಗಿಲ್ಲ, ವ್ಯಾಪಾರದ ಕಥೆಯಾಗಿ ಅರ್ಧಂಬರ್ಧ.

ರೇಟು ಗುಟ್ಟೇನಲ್ಲ, ಕಂಪನಿ ವರದಿಯಲ್ಲೇ ಇತ್ತು. 2023ರ ಕೊನೆಯ ಮೂರು ತಿಂಗಳಲ್ಲಿ ಅಮೆರಿಕ-ಕೆನಡಾದ ಒಬ್ಬ ಬಳಕೆದಾರನಿಂದ ಫೇಸ್‌ಬುಕ್‌ಗೆ ಬಂದದ್ದು ಸರಾಸರಿ 68 ಡಾಲರ್. ನಾವೂ ಸೇರಿದ ಏಷ್ಯಾ-ಪೆಸಿಫಿಕ್ ಭಾಗದಲ್ಲಿ ಸುಮಾರು ಐದೂವರೆ ಡಾಲರ್. ನಾವೇನು ಹನ್ನೆರಡರಲ್ಲಿ ಒಂದು ಪಾಲು ಡೇಟಾ ಕೊಡ್ತಿದೀವಾ? ಫೋಟೋ, ಲೊಕೇಶನ್, ಮದುವೆ, ತಿಥಿ ಎಲ್ಲಾ ಧಾರಾಳವಾಗೇ ಹಾಕ್ತೀವಿ. ವ್ಯತ್ಯಾಸ ಇರೋದು ಜೇಬಿನಲ್ಲಿ. ‘ನನ್ನ ಡೇಟಾಗೆ ನನಗೆ ದುಡ್ಡು ಕೊಡಿ’ ಅನ್ನೋರು ಇದನ್ನ ನೋಡ್ಬೇಕು. ಆ ಐದೂವರೆ ಡಾಲರ್ ಪೂರ್ತಿ ನಮಗೇ ಕೊಟ್ಟರೂ ತಿಂಗಳಿಗೆ ನೂರೈವತ್ತು ರೂಪಾಯಿ.

ಜಾಹೀರಾತು ಕೊಡೋನಿಗೆ ಬೇಕಾಗಿರೋದು ನಿಮ್ಮ ಫೋಟೋ ಅಲ್ಲ. ಚಪ್ಪಲಿ ಜಾಹೀರಾತು ನೋಡಿದವನು ಆಮೇಲೆ ಚಪ್ಪಲಿ ಕೊಂಡನಾ, ಇಲ್ವಾ? ಎಷ್ಟೋ ಶಾಪಿಂಗ್ ಆ್ಯಪುಗಳ ಒಳಗೆ ಫೇಸ್‌ಬುಕ್ಕಿನ ಒಂದು ತುಣುಕು ಕೋಡ್ ಕೂತು ಇದನ್ನೇ ವರದಿ ಮಾಡುತ್ತೆ. ನಮ್ಮ ಕಸುಬಿನವರಿಗೆ ಇದು ನಾಲ್ಕು ಸಾಲಿನ ಕೆಲಸ. 2021ರ ಏಪ್ರಿಲ್‌ನಲ್ಲಿ ಆ್ಯಪಲ್, ಹೀಗೆ ಬೇರೆ ಆ್ಯಪಿನಲ್ಲಿ ಹಿಂಬಾಲಿಸೋಕೆ ಮುಂಚೆ ಐಫೋನ್ ಇಟ್ಕೊಂಡವನನ್ನ ಒಂದು ಮಾತು ಕೇಳಿ ಅಂತ ನಿಯಮ ತಂತು. ಅಷ್ಟೇ. ಇದರಿಂದ 2022ರಲ್ಲಿ ಸುಮಾರು ಸಾವಿರ ಕೋಟಿ ಡಾಲರ್ ಆದಾಯ ಖೋತಾ ಅಂತ ಆ ವರ್ಷದ ಫೆಬ್ರವರಿಯಲ್ಲಿ ಮೆಟಾನೇ ಹೇಳ್ತು. ಬಳಕೆದಾರರ ಸಂಖ್ಯೆಯೂ ನಿರಾಸೆ ಮಾಡಿತ್ತು ಅನ್ನಿ. ಒಂದೇ ದಿನಕ್ಕೆ ಷೇರು ಶೇ. 26 ಬಿತ್ತು.

ಊರಿನ ಡೈರಿಯಲ್ಲಿ ಹಾಲು ಹಾಕೋರು ಫ್ಯಾಟ್ ಎಷ್ಟು, ಲೀಟರಿಗೆಷ್ಟು ಅಂತ ಚೀಟಿ ಇಸ್ಕೊಂಡೇ ಮನೆಗೆ ಹೋಗೋದು. ಇಲ್ಲಿ ಚೀಟಿ ಸಿಗೋದು ಚಪ್ಪಲಿ ಕಂಪನಿಗೆ, ಆ ಖರ್ಚನ್ನ ಅದು ಚಪ್ಪಲಿ ಬೆಲೆಗೇ ಸೇರಿಸುತ್ತೆ. ಕೊನೆಗೆ ದುಡ್ಡು ಕೊಡೋರು ನಾವೇ.

ಚಿತ್ರದ ಕೊನೆಗೆ ನೋಟಿಫಿಕೇಶನ್ ಆಫ್ ಮಾಡಿ ಅಂತಾರೆ. ಮಾಡಿ, ನಿದ್ದೆ ಚೆನ್ನಾಗಿ ಬರುತ್ತೆ. ಚಪ್ಪಲಿ ಆ್ಯಪಿನೊಳಗಿನ ಆ ಕೋಡು ಮಾತ್ರ ಆಗಲೂ ತನ್ನ ವರದಿ ಕಳಿಸ್ತಾನೇ ಇರುತ್ತೆ.